ಕಂಪು ‘ಕಂಪು’ ಆಗುವ ಮುನ್ನ

ಕನ್ನಡದಲ್ಲಿ ಕಂಪು ಅಂದರೆ ಮಲ್ಲಿಗೆ, ಸಂಪಿಗೆ, ಮೊದಲ ಮಳೆಗೆ ನೆನೆದ ಮಣ್ಣು. ತೆಲುಗಿನಲ್ಲಿ ಕಂಪು ಅಂದರೆ ಮೂಗು ಮುಚ್ಚಿಕೊಳ್ಳುವಂಥ ನಾತ. ಪದ ಒಂದೇ, ನಡುವೆ ಒಂದು ಗಡಿಕಲ್ಲು. ರಾಯದುರ್ಗ ಸೀಮೆಯಲ್ಲಿ ಹುಟ್ಟಿ, ಎರಡೂ ಭಾಷೆಯಲ್ಲಿ ನಾಲ್ಕು ಪದ್ಯ ಗೀಚುವ ನನ್ನಂಥವನಿಗೆ ಈ ಪದ ಎಷ್ಟೋ ಸಲ ಒದಗಿ ಬಂದಿದೆ. ಒಂದು ಸಲ ಮಾತ್ರ ಸಂತೆಯ ನಡುವೆ ನನ್ನ ಮಾನ ಕಳೆದಿದೆ. ಆ ಕಥೆಯಿಂದಲೇ ಶುರು ಮಾಡುತ್ತೇನೆ.

2018ನೇ ಇಸವಿ. ಮಳೆ ಕೈಕೊಟ್ಟ ವರ್ಷ. ಬಿತ್ತಿದ ಶೇಂಗಾ ಬೀಜದ ದುಡ್ಡೂ ಹುಟ್ಟಲಿಲ್ಲ. ಕಟ್ಟೆಯ ಮೇಲೆ ಕೂತು ಮೋಡ ನೋಡೋದೊಂದೇ ಕೆಲಸ. ಆಗ ನನ್ನ ಭಾವಮೈದ ಬಂದು, “ಬಾವ, ಬಳ್ಳಾರಿ ಕಡೆ ಐಸ್ ಬಂಗುಡೆ ಪೆಟ್ಟಿಗೆ ಲೆಕ್ಕದಲ್ಲಿ ಸಿಗ್ತಾವೆ. ಸಂತೆಗೆ ಹಾಕಿದ್ರೆ ನಾಕು ಕಾಸು ನೋಡಬಹುದು. ಹಳೇದೊಂದು ಡೀಪ್ ಫ್ರೀಜರ್ ಮಾರಾಟಕ್ಕೈತೆ” ಅಂದ. ಸಾಲ ಮಾಡಿ 10 ಕಿಲೋದ 25 ಪೆಟ್ಟಿಗೆ ತಂದೆವು. ಮೊದಲ ಎರಡು ಸಂತೆ ಚೆನ್ನಾಗಿಯೇ ಹೋಯಿತು. ಆಮೇಲೆ ಹಬ್ಬ, ವಾರ, ಶ್ರಾವಣ ಅಂತ ವ್ಯಾಪಾರ ನಿಂತಿತು. ಉಳಿದ ಪೆಟ್ಟಿಗೆಗಳು ಫ್ರೀಜರಿನಲ್ಲಿ ಮೂರು ತಿಂಗಳ ಮೇಲೆ ಕೂತವು. ಕರೆಂಟು ಬಂತು, ಹೋಯಿತು, ಬಂತು. ಆದರೆ ಮೀನು ಕಲ್ಲಿನಂತೆ ಗಟ್ಟಿಯಾಗಿತ್ತು. ಕಲ್ಲಿಗೆಲ್ಲಿ ಕೇಡು ಅಂದುಕೊಂಡೆವು. ದಸರಾ ಮುಗಿಸಿ ಸಂತೆಗೆ ತೆಗೆದೆವು.

ಮುಂದಿನ ವಾರ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬಂದರು. ಸಾರು ಬಾಯಿಗಿಡೋಕೆ ಆಗಲಿಲ್ಲವಂತೆ. ಹಳೇ ಎಣ್ಣೆಯ ಕಮಟು, ಗಂಟಲಲ್ಲಿ ಕೆರೆತ, ಮಾಂಸ ನಾರುನಾರು. ಅವರಲ್ಲೊಬ್ಬ ಮುದುಕಿ, ನನ್ನ ಪದ್ಯ ಬಯಲಾಟದ ರಂಗದ ಮೇಲೆ ಕೇಳಿದ್ದವಳು, ನಾಲ್ಕು ಜನರ ಮುಂದೆ ಅಂದಳು: “ಏಮಯ್ಯಾ ಕವೀ, ನೀ ಚೇಪಲು ಕಂಪು ಕೊಟ್ಟಿನಾಯಿ ಕದಾ. ನೀ ಪದ್ಯಾಲೂ ಇಂತೇನಾ?” ನಿನ್ನ ಮೀನು ನಾರಿದವಲ್ಲ, ನಿನ್ನ ಪದ್ಯಗಳೂ ಹೀಗೇನಾ ಅಂತ. ನಾನು ಏನು ಹೇಳಲಿ? ಬಂದವರಿಗೆಲ್ಲ ದುಡ್ಡು ವಾಪಸ್ ಕೊಟ್ಟೆ. ಉಳಿದ ಪೆಟ್ಟಿಗೆಗಳನ್ನು ತೆಂಗಿನ ಬುಡಕ್ಕೆ ಹೂತೆ. ಸಾಲ ಹಾಗೇ ಉಳಿಯಿತು. ಅದಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ಉಳಿಯಿತು: ಕಲ್ಲಾಗಿದ್ದ ಮೀನು ಕೆಟ್ಟದ್ದು ಹೇಗೆ?

ಶೇಂಗಾ ಹೇಳಿದ ಉತ್ತರ

ಉತ್ತರ ಕೊಟ್ಟವನು ನನ್ನ ಅಕ್ಕನ ಮಗ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿ, ಕರಾವಳಿಯಲ್ಲಿ ಮೀನು ಹೆಪ್ಪುಗಟ್ಟಿಸಿ ಹಡಗಿಗೆ ಹಾಕುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಸಂಕ್ರಾಂತಿಗೆ ಊರಿಗೆ ಬಂದಾಗ ಎಲ್ಲಾ ಕೇಳಿ ನಕ್ಕ.

“ಮಾಮ, ಶೇಂಗಾ ಕಾಯಿ ಸುಲಿದು ಬೀಜ ಮಾಡಿಟ್ರೆ ಏನಾಗ್ತದೆ?”

“ಮಳೆಗಾಲ ಕಳೆಯೋದ್ರೊಳಗೆ ಕಮಟು ಹಿಡೀತದೆ. ಅದಕ್ಕೇ ಅಲ್ವೇನಪ್ಪಾ ಕಾಯಲ್ಲೇ ಇಡೋದು.”

“ಬಂಗುಡೇನೂ ಅಷ್ಟೇ. ಅದೂ ಎಣ್ಣೆಕಾಳೇ ಅಂದ್ಕೊ.”

ಅಲ್ಲಿಂದ ಅವನು ಬಿಡಿಸಿ ಹೇಳಿದ. ಬಂಗುಡೆ, ಬೂತಾಯಿಯಂಥ ಮೀನುಗಳ ಮಾಂಸದಲ್ಲಿ ಎಣ್ಣೆ ಹೆಚ್ಚು. ಆ ಎಣ್ಣೆ ಶೇಂಗಾ ಎಣ್ಣೆಗಿಂತಲೂ ನಾಜೂಕು. ಗಾಳಿ ಸೋಕಿದರೆ ಬೇಗ ಕೆಡುತ್ತದೆ. ಇದು ಒಂದು ಕೇಡು. ಎರಡನೆಯದು ಒಳಗಿನ ಕೇಡು. ಮೀನು ಸತ್ತರೂ ಅದರ ಮೈಯಲ್ಲಿರುವ ಎಂಜೈಮುಗಳು ಸಾಯುವುದಿಲ್ಲ. ಎಂಜೈಮು ಅಂದರೆ ಜೀವದ ಕೆಲಸಗಳನ್ನು ನಡೆಸುವ ಸಣ್ಣ ಸಣ್ಣ ಆಳುಗಳು ಅಂತ ತಿಳಿಯಿರಿ. ಯಜಮಾನ ಸತ್ತ ಮೇಲೂ ಈ ಆಳುಗಳು ಮನೆ ಬಿಡುವುದಿಲ್ಲ. ಅವುಗಳಲ್ಲಿ ಲೈಪೇಸ್ ಎಂಬ ಜಾತಿ ಕೊಬ್ಬನ್ನು ಕತ್ತರಿಸುತ್ತಾ ಕೂರುತ್ತದೆ. ಕತ್ತರಿಸಿದ ತುಂಡುಗಳು, ಅಂದರೆ ಬಿಡಿಯಾದ ಕೊಬ್ಬಿನ ಆಮ್ಲಗಳು, ಇನ್ನೂ ಬೇಗ ಕಮಟಾಗುತ್ತವೆ. ಜೊತೆಗೆ ಮಾಂಸದ ಪ್ರೋಟೀನಿಗೆ ಅಂಟಿಕೊಂಡು ಅದನ್ನು ನಾರು ಮಾಡುತ್ತವೆ. ನನ್ನ ಗಿರಾಕಿಗಳು ದೂರಿದ್ದು ಇದನ್ನೇ.

“ಹಂಗಾದ್ರೆ ಐಸು ಯಾಕೆ?” ಅಂದೆ.

“ಐಸು ಕೇಡನ್ನ ನಿಧಾನ ಮಾಡ್ತದೆ ಮಾಮ, ನಿಲ್ಲಿಸಲ್ಲ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಟ್ರೂ ಮೀನಿನೊಳಗಿನ ಎಲ್ಲಾ ನೀರೂ ಗಟ್ಟಿಯಾಗಲ್ಲ. ಉಳಿದ ಚೂರು ನೀರಲ್ಲಿ ಈ ಆಳುಗಳು ತೂಕಡಿಸ್ಕೊಂಡೇ ಕೆಲಸ ಮಾಡ್ತಾವೆ. ಕರೆಂಟು ಹೋದಾಗ ಎದ್ದು ಕೂತು ಚುರುಕಾಗಿ ಮಾಡ್ತಾವೆ.”

ಬ್ಯಾಕ್ಟೀರಿಯಾ ಮಾತ್ರ ಆ ಚಳಿಯಲ್ಲಿ ಬೆಳೆಯುವುದಿಲ್ಲ. ಅದಕ್ಕೇ ಹೆಪ್ಪುಗಟ್ಟಿದ ಮೀನು ಕೊಳೆಯುವುದಿಲ್ಲ, ಕಮಟಾಗುತ್ತದೆ. ಕೊಳೆತದ್ದು ಕಣ್ಣಿಗೆ ಕಾಣುತ್ತದೆ. ಕಮಟಾದದ್ದು ಒಲೆಯ ಮೇಲಿಟ್ಟಾಗಲೇ ಗೊತ್ತಾಗುವುದು. ವ್ಯಾಪಾರಸ್ಥನ ಮಾನ ಹೋಗುವುದು ಅಲ್ಲೇ.

ಹೆಬ್ಬೆರಳ ಉಗುರಿನ ಮೇಲೆ ಟ್ರಾಕ್ಟರು

“ಈ ಆಳುಗಳನ್ನ ಐಸಿಗೆ ಹಾಕೋ ಮೊದಲೇ ಕಟ್ಟಿಹಾಕೋಕೆ ದಾರಿ ಇಲ್ಲೇನಪ್ಪಾ?” ಅಂತ ಕೇಳಿದೆ. ಬೇಯಿಸಿದರೆ ಎಂಜೈಮು ಸಾಯುತ್ತದೆ, ನಿಜ. ಆದರೆ ಬೆಂದ ಮೀನನ್ನು ಹಸಿಮೀನು ಅಂತ ಮಾರುವಂತಿಲ್ಲ. ಆಗ ಅಳಿಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಉಕ್ಕಿನ ಕೊಳವೆಯ ಚಿತ್ರ ಬರೆದು, ಅಧಿಕ ಒತ್ತಡದ ಸಂಸ್ಕರಣೆಯನ್ನು ವಿವರಿಸಿದ.

ಕೆಲಸದ ಕ್ರಮ ಹೇಳಲು ಸುಲಭ. ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಬಾಯಿ ಬೆಸೆಯುತ್ತಾರೆ. ಚೀಲಗಳನ್ನು ಬುಟ್ಟಿಯಲ್ಲಿ ತುಂಬಿ ದಪ್ಪ ಗೋಡೆಯ ಉಕ್ಕಿನ ಕೊಳವೆಯೊಳಗೆ ನೂಕುತ್ತಾರೆ. ಕೊಳವೆಗೆ ತಣ್ಣೀರು ತುಂಬಿ ಮುಚ್ಚಳ ಬಿಗಿಯುತ್ತಾರೆ. ಆಮೇಲೆ ಪಂಪಿನಿಂದ ಇನ್ನಷ್ಟು ನೀರು ನೂಕಿ ಒತ್ತಡ ಏರಿಸುತ್ತಾರೆ. ಕೆಲವು ನಿಮಿಷ ಹಾಗೇ ಹಿಡಿದು ಬಿಟ್ಟುಬಿಡುತ್ತಾರೆ. ಬೆಂಕಿ ಇಲ್ಲ, ಉಪ್ಪಿಲ್ಲ, ಔಷಧ ಇಲ್ಲ.

ಒತ್ತಡ ಎಷ್ಟು ಎಂಬುದೇ ಬೆರಗಿನ ಮಾತು. ಅದನ್ನು ಅಳೆಯುವುದು ಮೆಗಾಪಾಸ್ಕಲ್ ಲೆಕ್ಕದಲ್ಲಿ. ಒಂದು ಮೆಗಾಪಾಸ್ಕಲ್ ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 10 ಕಿಲೋ ಭಾರ. ಮೀನಿಗೆ ಕೊಡುವುದು 150ರಿಂದ 450 ಮೆಗಾಪಾಸ್ಕಲ್. ಕಡಿಮೆ ಅಂದರೂ ಒಂದು ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ 1,500 ಕಿಲೋ. ಅಂದರೆ ಒಂದು ಸಣ್ಣ ಟ್ರಾಕ್ಟರು. ನೀರಿಗಿಳಿದು ತಳ ಮುಟ್ಟಿದವರಿಗೆ ಗೊತ್ತು, ಕೆಳಕ್ಕೆ ಹೋದಷ್ಟೂ ಕಿವಿ ಒತ್ತುತ್ತದೆ. ಪ್ರತಿ 10 ಮೀಟರ್ ನೀರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತಾ ಹೋಗುತ್ತದೆ. 150 ಮೆಗಾಪಾಸ್ಕಲ್ ಬೇಕಾದರೆ ಸುಮಾರು 15 ಕಿಲೋಮೀಟರ್ ಆಳದ ನೀರು ಬೇಕು. ಅಷ್ಟು ಆಳದ ಸಮುದ್ರವೇ ಭೂಮಿಯ ಮೇಲೆ ಇಲ್ಲ. ಎಲ್ಲಕ್ಕಿಂತ ಆಳವಾದ ಮರಿಯಾನಾ ಕಂದಕ ಸುಮಾರು 11 ಕಿಲೋಮೀಟರ್. ಯಾವ ಮೀನೂ ಬದುಕಿದ್ದಾಗ ಕಾಣದ ಒತ್ತಡವನ್ನು ಸತ್ತ ಮೇಲೆ ಕಾಣುತ್ತದೆ.

“ಅಷ್ಟು ಒತ್ತಿದ್ರೆ ಮೀನು ಚಟ್ನಿ ಆಗಲ್ವೇನೋ?” ಅಂದೆ.

ಆಗುವುದಿಲ್ಲ. ಇದೇ ಈ ವಿದ್ಯೆಯ ಗುಟ್ಟು. ಬೆರಳಿನ ನಡುವೆ ದ್ರಾಕ್ಷಿ ಹಿಡಿದು ಒತ್ತಿದರೆ ಪಚ್ ಅನ್ನುತ್ತದೆ. ಅದೇ ದ್ರಾಕ್ಷಿಯನ್ನು ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯೊಳಗೆ ಬಿಟ್ಟು, ಮುಚ್ಚಳ ಹಾಕಿ, ಬಾಟಲಿಯನ್ನು ಎಷ್ಟು ಹಿಸುಕಿದರೂ ದ್ರಾಕ್ಷಿ ಒಡೆಯುವುದಿಲ್ಲ. ಯಾಕಂದರೆ ನೀರು ಎಲ್ಲ ದಿಕ್ಕಿನಿಂದಲೂ ಸಮನಾಗಿ ಒತ್ತುತ್ತದೆ. ಒಂದೇ ಕಡೆಯಿಂದ ಬಿದ್ದ ಭಾರ ಒಡೆಯುತ್ತದೆ, ಸುತ್ತಲಿಂದ ಸಮನಾಗಿ ಬಿದ್ದ ಭಾರ ಒಡೆಯುವುದಿಲ್ಲ. ಮೀನು ಕೊಳವೆಯೊಳಗೆ ಸ್ವಲ್ಪ ಕುಗ್ಗುತ್ತದೆ, ಹೊರಬಂದಾಗ ಮೊದಲಿನ ಆಕಾರಕ್ಕೇ ಬರುತ್ತದೆ.

ಹೊರಗೆ ಒಡೆಯದಿದ್ದರೂ ಒಳಗೆ ಒಂದು ಬದಲಾವಣೆ ನಡೆಯುತ್ತದೆ. ಎಂಜೈಮು, ಪ್ರೋಟೀನು ಇವೆಲ್ಲ ಉದ್ದನೆಯ ದಾರವನ್ನು ಒಂದು ಲೆಕ್ಕದಲ್ಲಿ ಸುತ್ತಿ ಮಡಿಸಿದ ಉಂಡೆಗಳಿದ್ದಂತೆ. ಆ ಮಡಿಕೆ ಸರಿಯಿದ್ದರೆ ಮಾತ್ರ ಆಳು ಕೆಲಸ ಮಾಡುತ್ತಾನೆ. ಭಾರೀ ಒತ್ತಡಕ್ಕೆ ಮಡಿಕೆ ಕೆಡುತ್ತದೆ, ಆಳು ಮೂಲೆಗೆ ಕೂರುತ್ತಾನೆ. ರುಚಿ, ವಾಸನೆ, ಜೀವಸತ್ವ ಕೊಡುವ ಕಣಗಳು ಚಿಕ್ಕವು. ಅವಕ್ಕೆ ಮಡಿಕೆಯೇ ಇಲ್ಲ, ಆದ್ದರಿಂದ ಹೆಚ್ಚಾಗಿ ಹಾಗೇ ಉಳಿಯುತ್ತವೆ.

ಬಂಗುಡೆಯ ತೆಲುಗು ಹೆಸರು

ಇದನ್ನು ಬಂಗುಡೆಯ ಮೇಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಸ್ಪೇನ್ ದೇಶದ ವೀಗೋ ದೊಡ್ಡ ಮೀನು ಬಂದರು. ಅಲ್ಲಿಯ ಸಮುದ್ರ ಸಂಶೋಧನಾ ಸಂಸ್ಥೆಯವರು ಬೇರೆ ವಿಶ್ವವಿದ್ಯಾಲಯಗಳ ವಿಜ್ಞಾನಿಗಳ ಜೊತೆ ಸೇರಿ ಅಟ್ಲಾಂಟಿಕ್ ಸಾಗರದ ಬಂಗುಡೆಯ ಮೇಲೆ ನಡೆಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಮೀನನ್ನು 150, 300, 450 ಮೆಗಾಪಾಸ್ಕಲ್ ಒತ್ತಡಕ್ಕೆ, ಹೆಚ್ಚೆಂದರೆ 5 ನಿಮಿಷ ಒಡ್ಡಿದರು. ಆಮೇಲೆ ಹೆಪ್ಪುಗಟ್ಟಿಸಿ ಮೂರು ತಿಂಗಳವರೆಗೆ ಇಟ್ಟು ನೋಡಿದರು. ಇಟ್ಟದ್ದು ಬೇಕೆಂದೇ ಸೊನ್ನೆಗಿಂತ 10 ಡಿಗ್ರಿ ಮಾತ್ರ ಕೆಳಗೆ. ಕೇಡು ಬೇಗ ಬರಲಿ, ವ್ಯತ್ಯಾಸ ಬೇಗ ಕಾಣಲಿ ಅಂತ. ಒತ್ತದೆ ಇಟ್ಟ ಮೀನಿನಲ್ಲಿ ಕೊಬ್ಬು ಕತ್ತರಿಸಿ ಬಿಡಿಯಾದ ಆಮ್ಲ ತಿಂಗಳು ತಿಂಗಳಿಗೂ ಏರುತ್ತಾ ಹೋಯಿತು. ಒತ್ತಿ ಇಟ್ಟ ಮೀನಿನಲ್ಲಿ ಅದು ಕಡಿಮೆ. ಒತ್ತಡ ಹೆಚ್ಚಾದಷ್ಟೂ ಇನ್ನೂ ಕಡಿಮೆ. ಅಂದರೆ ಆಳುಗಳು ನಿಜವಾಗಿ ಮೂಲೆಗೆ ಕೂತಿದ್ದವು.

ಓದುಗ ಬಂಧುಗಳಿಗೆ ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ವೀಗೋದ ಮೀನು ನಮ್ಮ ಬಂಗುಡೆಯ ದಾಯಾದಿ, ನಮ್ಮದೇ ಅಲ್ಲ. ಮಲ್ಪೆ, ಮಂಗಳೂರಿನಿಂದ ನಮಗೆ ಬರುವ ಬಂಗುಡೆಗೆ ಜಗತ್ತಿನ ವಿಜ್ಞಾನಿಗಳೆಲ್ಲ ಕರೆಯುವ ಹೆಸರು ‘ರಾಸ್ಟ್ರೆಲಿಗರ್ ಕನಗುರ್ತ’. ಈ ಕನಗುರ್ತ ಲ್ಯಾಟಿನ್ ಅಲ್ಲ, ತೆಲುಗು! ವಿಶಾಖಪಟ್ಟಣದ ಬೆಸ್ತರ ಬಾಯಲ್ಲಿದ್ದ ಹೆಸರನ್ನು ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ಬರೆದುಕೊಂಡು 1803ರ ತನ್ನ ಮೀನಿನ ಪುಸ್ತಕದಲ್ಲಿ ಹಾಕಿದ. ಅದನ್ನೇ ಫ್ರಾನ್ಸಿನ ಕುವಿಯೆ ಶಾಸ್ತ್ರೀಯ ಹೆಸರಾಗಿ ಎತ್ತಿಕೊಂಡ. ಕನ್ನಡದ ಕರಾವಳಿಯಿಂದ ಬಂದ ಮೀನು, ತೆಲುಗಿನ ಹೆಸರು, ಎರಡೂ ಭಾಷೆ ಆಡುವ ಸಂತೆ. ನಮ್ಮ ಗಡಿನಾಡಿಗೆ ಇದಕ್ಕಿಂತ ಒಪ್ಪುವ ಮೀನು ಯಾವುದಿದೆ?

ಅತಿಯಾದರೆ ಬಿಳಿಚು

ಒತ್ತಡ ಹೆಚ್ಚಾದಷ್ಟೂ ಒಳ್ಳೆಯದೇ ಹಾಗಾದರೆ? ಅಲ್ಲ. ಇಲ್ಲೊಂದು ಹಳೆಯ ಪ್ರಯೋಗ ನೆನೆಯಬೇಕು. ಅಮೆರಿಕದ ಪರ್ಸಿ ಬ್ರಿಜ್‌ಮನ್, ಅಧಿಕ ಒತ್ತಡದ ಅಧ್ಯಯನಕ್ಕೇ 1946ರಲ್ಲಿ ನೊಬೆಲ್ ಪಡೆದವರು, 1914ರಲ್ಲಿ ಮೊಟ್ಟೆಯ ಬಿಳಿಯನ್ನು ಭಾರೀ ಒತ್ತಡಕ್ಕೆ ಒಡ್ಡಿದರು. ಒಲೆ ಕಾಣದ ಮೊಟ್ಟೆ ಬೆಂದಂತೆ ಗಟ್ಟಿಯಾಯಿತು. ಮೀನಿಗೂ ಇದೇ ಗತಿ. 150ರ ಆಸುಪಾಸಿನಲ್ಲಿ ಮೀನು ಹಸಿಯಂತೆಯೇ ಕಾಣುತ್ತದೆ. 300 ದಾಟಿತೋ, ಮಾಂಸದ ಪಾರದರ್ಶಕ ಹೊಳಪು ಹೋಗಿ ಅರ್ಧ ಬೆಂದ ಹಾಗೆ ಬಿಳಿಚಿಕೊಳ್ಳುತ್ತದೆ. ಸಾರು ಮಾಡಿದ ಮೇಲೆ ಈ ವ್ಯತ್ಯಾಸ ಅಷ್ಟಾಗಿ ಕಾಣದು. ಆದರೆ ಮೀನು ಕೊಳ್ಳುವವರು ಕಿವಿರು ಎತ್ತಿ, ಕಣ್ಣು ನೋಡಿ, ಬೆರಳಿನಿಂದ ಒತ್ತಿ ಕೊಳ್ಳುವವರು. ಬಿಳಿಚಿದ ಮೀನನ್ನು ನಮ್ಮ ಸಂತೆಯ ಮುದುಕಿ ಮುಟ್ಟಿಯೂ ನೋಡಳು.

ಇನ್ನೊಂದು ತೊಡಕೂ ಇದೆ. ಅತಿ ಒತ್ತಡಕ್ಕೆ ಮಾಂಸದ ಬಣ್ಣದಲ್ಲಿ ಅಡಗಿರುವ ಕಬ್ಬಿಣದ ಅಂಶ ಹೊರಬೀಳುತ್ತದೆ. ಅದು ಎಣ್ಣೆ ಕಮಟಾಗುವುದನ್ನು ಚುರುಕು ಮಾಡಬಲ್ಲದು. ಒಂದು ಕೇಡಿಗೆ ಬೀಗ ಹಾಕಿ ಇನ್ನೊಂದಕ್ಕೆ ಬಾಗಿಲು ತೆಗೆದಂತೆ. ಆದ್ದರಿಂದ ಈ ವಿದ್ಯೆಯ ಜಾಣತನ ಇರುವುದು ಹದದಲ್ಲಿ. ಎಂಜೈಮು ಮಣಿಯುವಷ್ಟು ಒತ್ತಬೇಕು, ಮಾಂಸ ಬೇಯುವಷ್ಟು ಒತ್ತಬಾರದು. ಪಾಕದ ಬೆಲ್ಲ ಮಾಡುವವರಿಗೆ, ಶೇಂಗಾ ಹುರಿಯುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ನೀರಿನ ಇನ್ನೊಂದು ಆಟ

ಒತ್ತಡಕ್ಕೂ ಐಸಿಗೂ ಇನ್ನೂ ಒಂದು ನಂಟಿದೆ. ಮನೆಯ ಫ್ರಿಜ್ಜಿನಲ್ಲಿ ಮೀನು ನಿಧಾನವಾಗಿ ಗಟ್ಟಿಯಾಗುತ್ತದೆ. ನಿಧಾನ ಆದಷ್ಟೂ ಐಸಿನ ಹರಳು ದೊಡ್ಡದು. ದೊಡ್ಡ ಹರಳು ಗಾಜಿನ ಚೂರಿನಂತೆ ಮಾಂಸದ ಕೋಶಗಳನ್ನು ಸೀಳುತ್ತದೆ. ಐಸು ಕರಗಿಸಿದಾಗ ಕೆಂಪು ನೀರು ತಟ್ಟೆಯಲ್ಲಿ ನಿಲ್ಲುತ್ತದಲ್ಲ, ಅದು ಸೀಳಿದ ಕೋಶಗಳಿಂದ ಹರಿದ ರುಚಿ ಮತ್ತು ತೂಕ. ಅಷ್ಟೂ ಕೊಂಡವನಿಗೆ ನಷ್ಟ.

ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಅಂತ ನಾವು ಶಾಲೆಯಲ್ಲಿ ಕಲಿತೆವು. ಭಾರೀ ಒತ್ತಡದಲ್ಲಿ ಈ ಲೆಕ್ಕ ಬದಲಾಗುತ್ತದೆ. ಸುಮಾರು 210 ಮೆಗಾಪಾಸ್ಕಲ್ ಒತ್ತಡದಲ್ಲಿ ನೀರು ಸೊನ್ನೆಗಿಂತ 22 ಡಿಗ್ರಿ ಕೆಳಗಿನವರೆಗೂ ನೀರಾಗಿಯೇ ಇರುತ್ತದೆ. ಒತ್ತಡದಲ್ಲಿಟ್ಟು ಮೀನನ್ನು ಅಷ್ಟು ತಣ್ಣಗೆ ಮಾಡಿ, ಆಮೇಲೆ ಥಟ್ಟನೆ ಒತ್ತಡ ಬಿಟ್ಟರೆ ಒಳಗೂ ಹೊರಗೂ ಏಕಕಾಲಕ್ಕೆ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಮೂಡುತ್ತವೆ. ಸಣ್ಣ ಹರಳು ಸೀಳುವುದಿಲ್ಲ. ಪ್ರಯೋಗಶಾಲೆಗಳಲ್ಲಿ ಇದು ಚೆನ್ನಾಗಿ ನಡೆದಿದೆ. ಆದರೆ ಒತ್ತಡ ಮತ್ತು ಚಳಿ ಎರಡನ್ನೂ ಒಂದೇ ಕೊಳವೆಯಲ್ಲಿ ನಿಭಾಯಿಸುವುದು ತೊಡಕಿನ, ದುಬಾರಿ ಕೆಲಸ. ಮೊದಲು ಒತ್ತಿ, ಆಮೇಲೆ ಮಾಮೂಲಿ ಫ್ರೀಜರಿಗೆ ಹಾಕುವ ವೀಗೋದ ದಾರಿ ಅದಕ್ಕಿಂತ ಸರಳ.

ಹಾಲಿನಿಂದ ಸಿಂಪಿಯವರೆಗೆ

ಇದೇನು ನಿನ್ನೆ ಮೊನ್ನೆ ಹುಟ್ಟಿದ ಯೋಚನೆಯಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದ ಕೃಷಿ ಪ್ರಯೋಗ ಕೇಂದ್ರದಲ್ಲಿ ಬರ್ಟ್ ಹೈಟ್ ಎಂಬಾತ 1899ರಲ್ಲೇ ಹಾಲನ್ನು ಒತ್ತಿ, ಅದು ತಡವಾಗಿ ಹುಳಿಯುತ್ತದೆ ಅಂತ ತೋರಿಸಿದ್ದ. ಆದರೆ ಅಷ್ಟು ಒತ್ತಡ ತಡೆಯುವ, ದಿನವೂ ದುಡಿಯುವ ಕೊಳವೆ ಮಾಡಲು ಉಕ್ಕಿನ ವಿದ್ಯೆ ಬೆಳೆಯಬೇಕಾಯಿತು. 1990ರಲ್ಲಿ ಜಪಾನಿನಲ್ಲಿ ಒತ್ತಿ ಮಾಡಿದ ಹಣ್ಣಿನ ಜಾಮ್ ಮೊದಲ ಸಲ ಅಂಗಡಿಗೆ ಬಂತು. 1999ರ ಸುಮಾರಿಗೆ ಅಮೆರಿಕದ ಲೂಯಿಸಿಯಾನದಲ್ಲಿ ಸಿಂಪಿ ವ್ಯಾಪಾರಿಗಳು ಇದನ್ನು ಹಿಡಿದರು. ಒತ್ತಿದ ಸಿಂಪಿಯಲ್ಲಿ ರೋಗ ತರುವ ವಿಬ್ರಿಯೋ ಬ್ಯಾಕ್ಟೀರಿಯಾ ಸಾಯುತ್ತದೆ. ಅದರ ಜೊತೆಗೆ ಚಿಪ್ಪು ಹಿಡಿದ ಸ್ನಾಯು ಸಡಿಲಾಗಿ, ಚಾಕು ಹಾಕದೆ ಮಾಂಸ ಕಳಚಿಕೊಳ್ಳುತ್ತದೆ. ಒಂದು ಖರ್ಚಿಗೆ ಎರಡು ಲಾಭ. ನಮ್ಮಲ್ಲಿ ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಬಿಳಿ ಸಿಗಡಿ, ಟ್ಯೂನಾ ಮೀನಿನ ತುಂಡುಗಳನ್ನು ಒತ್ತಡಕ್ಕೆ ಒಡ್ಡಿ, ತಂಪಿನಲ್ಲಿಟ್ಟು ಪರೀಕ್ಷಿಸಿ, ಬಾಳಿಕೆ ಹೆಚ್ಚುವುದನ್ನು ತೋರಿಸಿದ್ದಾರೆ.

ನಮ್ಮ ಸಂತೆಗೆ ಬರುತ್ತದೆಯೇ?

ರೈತನಾಗಿ, ಸುಟ್ಟುಕೊಂಡ ವ್ಯಾಪಾರಿಯಾಗಿ ನಾನು ಕೇಳಿದ್ದು ಇದೇ. ಅಳಿಯ ಸುತ್ತಿ ಬಳಸಿ ಹೇಳಲಿಲ್ಲ. “ಯಂತ್ರಕ್ಕೆ ಕೋಟಿ ಕೋಟಿ ಆಗ್ತದೆ ಮಾಮ. ಒಂದೊಂದೇ ಬುಟ್ಟಿ ತುಂಬಿ ತೆಗೀಬೇಕು. ಹೊರದೇಶಕ್ಕೆ ಹೋಗೋ ಸಿಗಡಿ, ಟ್ಯೂನಾದಂಥ ದುಬಾರಿ ಮಾಲಿಗೆ ಸೈ. ಕಿಲೋ ಲೆಕ್ಕದಲ್ಲಿ ಹೋಗೋ ಬಂಗುಡೆಗೆ ಸದ್ಯಕ್ಕೆ ಭಾರ.”

ಅದಕ್ಕಿಂತ ಮುಖ್ಯವಾದ ಮಾತು ಆಮೇಲೆ ಹೇಳಿದ. ಒತ್ತಡ ಇದ್ದದ್ದನ್ನು ಕಾಯುತ್ತದೆ, ಹೋದದ್ದನ್ನು ತರುವುದಿಲ್ಲ. ಅದಕ್ಕೆ ಸಾಕ್ಷಿ ಹಿಸ್ಟಮಿನ್ ಎಂಬ ವಿಷ. ಬಂಗುಡೆ, ಟ್ಯೂನಾದಂಥ ಮೀನುಗಳನ್ನು ಹಿಡಿದ ಮೇಲೆ ಬಿಸಿಲಿನಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾ ಅದನ್ನು ಹುಟ್ಟಿಸುತ್ತದೆ. ಅಂಥ ಮೀನು ತಿಂದವರಿಗೆ ಮುಖ ಕೆಂಪೇರಿ, ಮೈ ಕಡಿತ, ತಲೆನೋವು, ವಾಂತಿ ಬರಬಹುದು. ಒಮ್ಮೆ ಹುಟ್ಟಿದ ಹಿಸ್ಟಮಿನ್ ಐಸಿಗೆ ಹೋಗದು, ಒಲೆಯ ಮೇಲೆ ಕುದಿಸಿದರೂ ಹೋಗದು, ಕೋಟಿ ರೂಪಾಯಿಯ ಕೊಳವೆಯಲ್ಲಿ ಒತ್ತಿದರೂ ಹೋಗದು. ಹಾಗೆಯೇ ಒತ್ತಡಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೀಜಾಣುಗಳೂ ಇವೆ. ಆದ್ದರಿಂದ ಒತ್ತಿದ ಮೀನಿಗೂ ತಂಪು ತಪ್ಪಿದ್ದಲ್ಲ. ಮೀನಿನ ಬೆಲೆ ನಿರ್ಧಾರವಾಗುವುದು ಬಲೆಯಿಂದ ಬಿಡಿಸಿದ ಮೊದಲ ಗಂಟೆಯಲ್ಲಿ. ಉಳಿದದ್ದೆಲ್ಲ ಕಾವಲು.

ಈ ಮೊದಲ ಗಂಟೆ ಮಾತ್ರ ನಮ್ಮ ಕೈಯಲ್ಲಿದೆ. ಕೋಟಿ ಬೇಕಿಲ್ಲ. ಅಳಿಯ ಹೇಳಿದ್ದು, ನಾನು ಆಮೇಲೆ ಮಾಡಿ ನೋಡಿದ್ದು ಇಷ್ಟು:

ಹಿಡಿದ ಮೀನನ್ನು ನೆರಳಿಗೆ ತಂದು, ಶುದ್ಧ ನೀರಿನಲ್ಲಿ ತೊಳೆದು, ಕೂಡಲೇ ಪುಡಿ ಐಸಿಗೆ ಹಾಕಬೇಕು. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸು. ತಳದಲ್ಲೊಂದು ಪದರ ಐಸು, ಮೇಲೊಂದು ಪದರ ಮೀನು, ಮತ್ತೆ ಐಸು. ಐಸಿಗೆ ಜುಗ್ಗತನ ಮಾಡಿದವನು ಮೀನಿನಲ್ಲಿ ಕಳೆದುಕೊಳ್ಳುತ್ತಾನೆ. ದೊಡ್ಡ ಮೀನಾದರೆ ಕರುಳು ತೆಗೆಯುವುದು ಲೇಸು. ಎಂಜೈಮಿನ ದೊಡ್ಡ ಗೂಡು ಇರುವುದು ಅಲ್ಲೇ.

ಹೆಪ್ಪುಗಟ್ಟಿದ ಪೆಟ್ಟಿಗೆ ಕೊಳ್ಳುವಾಗ ಮೊದಲು ತಾರೀಖು ಕೇಳಿ. ಎಣ್ಣೆ ಮೀನನ್ನು ನಮ್ಮಂಥ ಸಣ್ಣ ಫ್ರೀಜರಿನಲ್ಲಿ ಎರಡು ಮೂರು ತಿಂಗಳಿಗಿಂತ ಹೆಚ್ಚು ಇಡಬೇಡಿ. ಬೊಚ್ಚೆ, ಶೀಲಾವತಿ, ಅಂದರೆ ನಮ್ಮ ಕಾಟ್ಲಾ, ರೋಹು, ಇವುಗಳಲ್ಲಿ ಎಣ್ಣೆ ಕಡಿಮೆಯಾದ್ದರಿಂದ ಇನ್ನೂ ಕೆಲವು ತಿಂಗಳು ತಾಳುತ್ತವೆ. ಮೊದಲು ಬಂದದ್ದು ಮೊದಲು ಹೋಗಲಿ. ಮೀನಿನ ಮೇಲೆ ಒಣಗಿದ ಬಿಳಿ ಕಲೆ, ಹೊಟ್ಟೆಯ ಕಡೆ ಹಳದಿ ಛಾಯೆ ಕಂಡರೆ ಗಾಳಿ ಸೋಕಿ ಕೆಟ್ಟಿದೆ ಅಂತ ತಿಳಿಯಿರಿ. ಗಟ್ಟಿಯಾದ ಮೀನನ್ನು ತಣ್ಣನೆಯ ನೀರಿನಲ್ಲಿ ಅದ್ದಿ ತೆಗೆದರೆ ಮೇಲೊಂದು ತೆಳು ಐಸಿನ ಹೊದಿಕೆ ಕೂರುತ್ತದೆ. ಶೇಂಗಾಕ್ಕೆ ಸಿಪ್ಪೆ ಹೇಗೋ ಮೀನಿಗೆ ಇದು ಹಾಗೆ. ಕರೆಂಟು ಹೋದಾಗ ಫ್ರೀಜರಿನ ಮುಚ್ಚಳ ತೆಗೆದು ಇಣುಕಬೇಡಿ. ಒಮ್ಮೆ ಕರಗಿದ ಮೀನನ್ನು ಮತ್ತೆ ಗಟ್ಟಿ ಮಾಡಿ ಮಾರಬೇಡಿ.

ಎಲ್ಲ ಕಡೆಯ ಒತ್ತಡ

ಅಳಿಯ ಬರೆದುಕೊಟ್ಟ ಆ ಕೊಳವೆಯ ಚಿತ್ರ ಇನ್ನೂ ನನ್ನ ಪದ್ಯದ ಪುಸ್ತಕದಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಗಡಿಯಲ್ಲಿ ಹುಟ್ಟಿದ ನಮಗೆ ಒತ್ತಡ ಹೊಸದಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ನೆಂಟಸ್ತನ ಬಳ್ಳಾರಿ, ಮೊಳಕಾಲ್ಮೂರಿಗೆ, ಪಹಣಿ ಅನಂತಪುರಕ್ಕೆ. ಒಂದೇ ಕಡೆಯಿಂದ ಒತ್ತಿದ ದಿನಗಳಲ್ಲಿ ನಮ್ಮಲ್ಲಿ ಕೆಲವರು ಒಡೆದಿದ್ದೂ ಉಂಟು. ಎರಡೂ ಭಾಷೆ ಸಮನಾಗಿ ಸುತ್ತುವರಿದಾಗ ಮಾತ್ರ ಬಾಟಲಿಯೊಳಗಿನ ದ್ರಾಕ್ಷಿಯಂತೆ ಇಡಿಯಾಗಿ ಉಳಿದಿದ್ದೇವೆ.

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ಮಾರಿಕಣಿವೆ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ವೇದಾವತಿ ಕರ್ನಾಟಕ ದಾಟಿ ನಮ್ಮ ಸೀಮೆಗೆ ಹಗರಿಯಾಗಿ ಹರಿದು ಬಂದಳು. ಕೆರೆ ಕುಂಟೆಗಳಲ್ಲಿ ನೀರು, ನೀರಿನಲ್ಲಿ ಮೀನು. ಮರು ವರ್ಷ ಭಾವಮೈದ ಮತ್ತೆ ಬಂದ. “ಬಾವ, ಇನ್ನೊಂದು ಕೈ ನೋಡೋಣೇನು?” ಈ ಸಲ ಮೊದಲು ಐಸಿನ ವ್ಯವಸ್ಥೆ, ಆಮೇಲೆ ಮೀನು. ನಸುಕಿನಲ್ಲಿ ಬಲೆ ಎಳೆದ ಜಾಗದಲ್ಲೇ ಪುಡಿ ಐಸು ಇಟ್ಟುಕೊಂಡು ನಿಂತೆವು.

ಸಂತೆಗೆ ಆ ಮುದುಕಿಯೂ ಬಂದಳು. ಒಂದು ಬೊಚ್ಚೆ ಎತ್ತಿ, ಕಿವಿರು ಬಿಡಿಸಿ, ಮೂಗಿನ ಹತ್ತಿರ ಹಿಡಿದಳು. ನನ್ನ ಉಸಿರು ನಿಂತಿತ್ತು. ಅವಳು ಮೀನನ್ನೂ ಹೊಗಳಲಿಲ್ಲ, ಪದ್ಯವನ್ನೂ ಹೊಗಳಲಿಲ್ಲ. “ಕಿಲೋಕೆ ಹತ್ತು ರೂಪಾಯಿ ಇಳಿಸು” ಅಂತ ಚೌಕಾಸಿಗೆ ಕೂತಳು. ನಾರುವ ಮೀನಿಗೆ ಯಾರೂ ಚೌಕಾಸಿ ಮಾಡುವುದಿಲ್ಲ. ನಾನು ಹತ್ತಲ್ಲ, ಹದಿನೈದು ಇಳಿಸಿದೆ.